ಹೆಬ್ಬೆರಳು ಇನ್ನೂ ಹಳೇ ಗೇಮ್‌ನಲ್ಲೇ ಇದೆ: ಬ್ಲಾಕಿಂಗ್ ಕಲಿಕೆಯ ದಿನಚರಿ

ಮೊದಲ ವಾರ

2023ರಲ್ಲಿ ಸ್ಟ್ರೀಟ್ ಫೈಟರ್ 6 ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಬಂದಾಗಿನಿಂದ ಅದನ್ನೇ ಆಡುತ್ತಿದ್ದೆ. ಈಗ ಅದೇ ಥರದ ಟೆಕ್ಕನ್ 8 ಶುರು ಮಾಡಿದ್ದೇನೆ. ಕಾಂಬೊಗಳೇ (ಬಿಡದೆ ಸಾಲಾಗಿ ಹೊಡೆಯುವ ಏಟುಗಳು) ತಲೆ ತಿನ್ನುತ್ತವೆ ಅಂದುಕೊಂಡಿದ್ದೆ. ಅವು ಎರಡು ಸಂಜೆಯಲ್ಲಿ ಕೈಗೆ ಹತ್ತಿದವು. ಬ್ಲಾಕ್ ಮಾಡೋದೇ, ಅಂದರೆ ಎದುರಿನವನ ಏಟು ತಡೆಯೋದೇ, ಬರುತ್ತಿಲ್ಲ!

ಸಾಲಾಗಿ 9 ಮ್ಯಾಚ್ ಸೋತ ಮೇಲೆ ರೀಪ್ಲೇ ಹಾಕಿ ನೋಡಿದೆ. ಗಾಬರಿಯಾದಾಗಲೆಲ್ಲ ನನ್ನ ಪಾತ್ರ ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ಎದುರಿನವನು ಆರಾಮಾಗಿ ಒಂದು ಮಿಡ್ (ನಡು ಎತ್ತರದ ಏಟು) ಹೊಡೆದು ಗಾಳಿಗೆ ಎತ್ತುತ್ತಾನೆ. ಆಮೇಲೆ ಅರ್ಧ ಲೈಫ್ ಖಾಲಿ.

ಸ್ಟ್ರೀಟ್ ಫೈಟರ್‌ನಲ್ಲಿ ಕೂರೋದೇ ಸರಿ. ಹಿಂದೆ-ಕೆಳಗೆ ಒತ್ತಿ ಹಿಡಿದರೆ ಕಾಲಿಗೆ ಬರುವ ಏಟೂ ನಿಲ್ಲುತ್ತದೆ, ನಿಂತು ಹೊಡೆಯುವ ಮಾಮೂಲಿ ಏಟೂ ನಿಲ್ಲುತ್ತದೆ. ಓವರ್‌ಹೆಡ್‌ಗೂ (ಕೂತವನ ಮೇಲೆ ಮೇಲಿಂದ ಬೀಳುವ ಏಟು) ಹಾರಿ ಬರುವ ಏಟಿಗೂ ಮಾತ್ರ ಏಳಬೇಕು. ಓವರ್‌ಹೆಡ್ ನಿಧಾನ, ಹಾರೋದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಕೂತಿರು, ಕಂಡಾಗ ಏಳು. ಟೆಕ್ಕನ್‌ನಲ್ಲಿ ಇದು ಪೂರ್ತಿ ಉಲ್ಟಾ. ಕೂತವನಿಗೆ ಮಿಡ್ ನೇರವಾಗಿ ಬೀಳುತ್ತದೆ. ದೊಡ್ಡ ಲೋ ಏಟುಗಳು (ಕಾಲಿಗೆ ಬರುವಂಥವು) ಹೆಚ್ಚಾಗಿ ನಿಧಾನ, ಬೇಗ ಬರುವಂಥವು ಸಣ್ಣವು. ಅಂದರೆ ನಿಂತಿರು, ಕಂಡಾಗ ಕೂರು.

ನನಗೆ ಸಿಟ್ಟು ಬಂದಿದ್ದು ‘ಮಿಡ್’ ಅನ್ನೋ ಪದದ ಮೇಲೆ. ಮಾರ್ಟಲ್ ಕಾಂಬ್ಯಾಟ್ ಅನ್ನೋ ಇನ್ನೊಂದು ಗೇಮ್‌ನಲ್ಲಿ ಮಿಡ್ ಅಂದರೆ ನಿಂತಾದರೂ ಸರಿ, ಕೂತಾದರೂ ಸರಿ, ಬ್ಲಾಕ್ ಆಗುತ್ತದೆ. ಟೆಕ್ಕನ್‌ನಲ್ಲಿ ಅದೇ ಪದಕ್ಕೆ ‘ನಿಂತೇ ತಡಿ’ ಅಂತ ಅರ್ಥ. ಒಂದೇ ಪದಕ್ಕೆ ಎರಡು ಕಾನೂನು ಇಟ್ಟರೆ ಹೊಸಬರು ಏನು ಮಾಡಬೇಕು ಹೇಳಿ.

ಎರಡನೇ ವಾರ

ನನ್ನ ಎಡ ಹೆಬ್ಬೆರಳಿನ ಒಂದು ಮೂಲೆಯಲ್ಲಿ ಮಾತ್ರ ಚರ್ಮ ಗಟ್ಟಿಯಾಗಿದೆ. ಕಂಟ್ರೋಲರ್‌ನಲ್ಲಿ ದಿಕ್ಕು ಒತ್ತುವ ಡಿ-ಪ್ಯಾಡ್‌ನ ಕೆಳಗಿನ ಎಡ ಮೂಲೆ, ಅಂದರೆ ಹಿಂದೆ-ಕೆಳಗೆ, ಒತ್ತಿ ಒತ್ತಿ ಆಗಿದ್ದು. (ಟ್ರೈನಿಂಗ್ ಮೋಡ್‌ನಲ್ಲಿ ಯಾವಾಗಲೂ ಎಡಗಡೆಯೇ ನಿಂತವನ ಗುರುತು ಅದು. ಬಲಗಡೆಯ ಅಭ್ಯಾಸ ನನ್ನದು ಯಾವತ್ತೂ ಕಮ್ಮಿ.) ಯೋಚಿಸದೇ ಇದ್ದಾಗ ಬೆರಳು ಹೋಗಿ ಕೂರುವ ಜಾಗ ಅದು. ಕಾನೂನು ತಲೆಗೆ ಮೊದಲ ದಿನವೇ ಗೊತ್ತಾಗಿತ್ತು. ಬೆರಳಿಗೆ ಹೇಳಬೇಕಿತ್ತು.

ಟೆಕ್ಕನ್‌ನಲ್ಲಿ ಏನೂ ಒತ್ತದೆ ಸುಮ್ನೆ ನಿಂತರೂ ಹೈ (ತಲೆ ಎತ್ತರದ ಏಟು) ಮತ್ತು ಮಿಡ್ ಬ್ಲಾಕ್ ಆಗುತ್ತವೆ. ಹಾಗಾಗಿ ಈ ವಾರದ ಅಭ್ಯಾಸ ಒಂದೇ. ಏಟು ಬರುತ್ತಿರುವಾಗ ಹೆಬ್ಬೆರಳನ್ನು ಡಿ-ಪ್ಯಾಡ್‌ನಿಂದ ಎತ್ತೋದು. ಹೇಳೋಕೆ ಸುಲಭ. ಕೈ ಕಟ್ಟಿಕೊಂಡು ಏಟು ತಿನ್ನೋಕೆ ನಿಂತ ಹಾಗೆ ಅನಿಸುತ್ತದೆ. ನಾಲ್ಕನೇ ದಿನ ಒಂದು ಇಡೀ ರೌಂಡ್‌ನಲ್ಲಿ ಗಾಬರಿಯಿಂದ ಕೂತಿದ್ದು ಎರಡೇ ಸಲ. ರೌಂಡ್ ಸೋತೆ, ಆದರೂ ಖುಷಿಯಾಯಿತು.

ಮೂರನೇ ವಾರ

ಟ್ರೈನಿಂಗ್ ಮೋಡ್‌ನ ಡಮ್ಮಿಗೆ (ಅಭ್ಯಾಸಕ್ಕೆ ನಿಲ್ಲುವ ಎದುರಾಳಿ) ಟೆಕ್ಕನ್ ಪಾತ್ರ ಬ್ರಯಾನ್‌ನನ್ನು ಹಾಕಿ ಎರಡು ರೆಕಾರ್ಡಿಂಗ್ ಮಾಡಿದೆ. ಒಂದು ಸ್ನೇಕ್ ಎಡ್ಜ್ ಅನ್ನೋ ಅವನ ಲೋ ಏಟು, ಇನ್ನೊಂದು ಮಿಡ್. ಯಾವುದು ಬರುತ್ತದೆ ಅಂತ ಗೊತ್ತಾಗದ ಹಾಗೆ ರ‍್ಯಾಂಡಮ್ ಇಟ್ಟೆ. ಗೇಮ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ. ಸ್ನೇಕ್ ಎಡ್ಜ್ 25 ಫ್ರೇಮ್‌ಗಿಂತ ನಿಧಾನ. ಕಂಡದ್ದಕ್ಕೆ ಕೈ ಆಡೋಕೆ ಸುಮಾರು 15 ಫ್ರೇಮ್ ಬೇಕು. ಲೆಕ್ಕದ ಪ್ರಕಾರ ಧಾರಾಳವಾಗಿ ಟೈಮ್ ಇದೆ. ಮೊದಲ ದಿನ 20ರಲ್ಲಿ 6 ಲೋ ತಡೆದೆ.

ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಕಾಲು ನನ್ನ ಹತ್ತಿರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ನೋಟವನ್ನು ಅವನ ಎದೆ, ಭುಜಕ್ಕೆ ತಂದೆ. ಬಗ್ಗಿ ತಿರುಗೋಕೆ ಶುರುವಾದ ತಕ್ಷಣ ಗೊತ್ತಾಗುತ್ತದೆ. ವಾರದ ಕೊನೆಗೆ 20ಕ್ಕೆ 15. ಜೊತೆಗೆ ಮಿಡ್‌ಗೆ ಸುಮ್ಮನೆ ಕೂತು ಏಟು ತಿಂದಿದ್ದು 4. ಈ ಎರಡನೇ ಸಂಖ್ಯೆ ಬರೆದಿಡದಿದ್ದರೆ ಮೊದಲನೆಯದಕ್ಕೆ ಅರ್ಥವೇ ಇಲ್ಲ. ಸದಾ ಕೂತೇ ಇದ್ದರೆ 20ಕ್ಕೆ 20 ಬರುತ್ತಿತ್ತಲ್ವಾ!

ಇನ್ನೊಂದು ಪಾತ್ರ ಕಜುಯಾನ ಹೆಲ್ ಸ್ವೀಪ್ ಅನ್ನೋ ಲೋ ಏಟು ಬೇರೆ ಕಥೆ. ಅದನ್ನು ನೋಡಿ ತಡೆಯುವ ಆಸೆ ಬಿಟ್ಟಿದ್ದೇನೆ. ಅಲ್ಲಿ ಊಹೆಯೇ ಗತಿ.

ಬ್ಲಾಕ್ ಆದ ಮೇಲಿನ ತಿರುಗೇಟಿನಲ್ಲೂ ಎಡವಟ್ಟಾಯಿತು. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಏಟು ಬರೋಕೆ 4 ಫ್ರೇಮ್. ಟೆಕ್ಕನ್‌ನಲ್ಲಿ ಜ್ಯಾಬ್‌ಗೆ (ಬೇಗ ಹೊಡೆಯುವ ಸಣ್ಣ ಗುದ್ದು) 10. ಹಳೇ ಲೆಕ್ಕದಲ್ಲೇ ಎಲ್ಲದಕ್ಕೂ ಬಟನ್ ಒತ್ತಿ, ನನ್ನ ಸರದಿಯಲ್ಲದ ಕಡೆ ಏಟು ತಿಂದೆ.

ನಾಲ್ಕನೇ ವಾರ

ಗೆಳೆಯನ ಜೊತೆ ಒಂದು ಸಂಜೆ ಮಾರ್ಟಲ್ ಕಾಂಬ್ಯಾಟ್ 1. ಅಲ್ಲಿ ಬ್ಲಾಕ್‌ಗೇ ಒಂದು ಬಟನ್. ಹಿಂದೆ ಒತ್ತಿದರೆ ಬರೀ ಹಿಂದಕ್ಕೆ ನಡೆಯುತ್ತೀರಿ. ನಾನು ಅಷ್ಟು ಗಂಭೀರವಾಗಿ ಹಿಂದಕ್ಕೆ ನಡೆಯುತ್ತಾ ಏಟು ತಿಂದಿದ್ದನ್ನು ನೋಡಿ ಅವನು ಕಂಟ್ರೋಲರ್ ಕೆಳಗಿಟ್ಟು ನಕ್ಕ. ಒಂದು ಒಳ್ಳೇದು ಏನಂದರೆ, ತಲೆ ಮೇಲೆ ಹಾರಿ ಹಿಂದೆ ಬಿದ್ದರೂ ದಿಕ್ಕು ಬದಲಿಸಬೇಕಿಲ್ಲ. ಬಟನ್ ಹಿಡಿದಿದ್ದರೆ ಸಾಕು.

ನಿನ್ನೆ ರಾತ್ರಿ ಸ್ಟ್ರೀಟ್ ಫೈಟರ್‌ಗೆ ವಾಪಸ್ ಹೋದೆ. ಎದುರಾಳಿಯ ಪಾತ್ರ ಕೆನ್ ನಡೆದುಕೊಂಡು ಹತ್ತಿರ ಬಂದ. ನಾನು ಬಹಳ ಶಾಂತವಾಗಿ ಹೆಬ್ಬೆರಳು ಎತ್ತಿ ನಿಂತೆ. ಅವನು ಮೊಣಕಾಲ ಕೆಳಗೆ ಒದ್ದ. ಮತ್ತೆ ಒದ್ದ. ಇಲ್ಲಿ ಸುಮ್ನೆ ನಿಂತರೆ ಏನೂ ಬ್ಲಾಕ್ ಆಗಲ್ಲ.

ಇವತ್ತಿನಿಂದ ಗೇಮ್ ಬದಲಿಸಿದಾಗಲೆಲ್ಲ ಮೊದಲ 5 ನಿಮಿಷ ಡಮ್ಮಿ ಹೊಡೆಯುತ್ತದೆ, ನಾನು ಬ್ಲಾಕ್ ಮಾತ್ರ ಮಾಡುತ್ತೇನೆ. ಅದೂ ಬಲಗಡೆ ನಿಂತು.