ಆಲ್-ಇನ್-ಒನ್ ಸಾಕೇ, ಬಿಡಿ ಸೆಟ್ ಬೇಕೇ? ಕಾಸರಗೋಡಿನ ಡಿಜೆ ಲೆಕ್ಕ

ಡಿಜೆ ಸೆಟ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವುದರ ಸೌಂಡ್ ಒಳ್ಳೆಯದು?" ಎಂದು. ಕುಂಬಳೆಯ ಮದುವೆ ಹಾಲಿನಲ್ಲೋ ಉಪ್ಪಳದ ಮೈದಾನದಲ್ಲೋ ಬಾಡಿಗೆ ಸ್ಪೀಕರಿನ ಮುಂದೆ ನಿಂತವರಿಗೆ ಆ ವ್ಯತ್ಯಾಸ ಕೇಳಿಸುವುದಿಲ್ಲ, ಬಿಟ್ಟುಬಿಡಿ. ಕೇಳಬೇಕಾದ್ದು ಮೂರು: ಸಾಮಾನು ಹೊರುವವರು ಎಷ್ಟು ಮಂದಿ, ಅಲ್ಲಿನ ಕರೆಂಟ್ ಎಂಥದ್ದು, ನಡುವೆ ಒಂದು ವಸ್ತು ಕೈಕೊಟ್ಟರೆ ಉಳಿದದ್ದರಲ್ಲಿ ಕಾರ್ಯಕ್ರಮ ಮುಗಿಸಬಹುದೇ?

ಆಲ್-ಇನ್-ಒನ್ ಎಂದರೆ ಎರಡು ಡೆಕ್ (ಹಾಡು ಓಡಿಸುವ ಪ್ಲೇಯರ್), ಮಿಕ್ಸರ್ (ಅವುಗಳ ಶಬ್ದ ಬೆರೆಸುವ ಭಾಗ), ಪರದೆ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಲ್ಯಾಪ್‌ಟಾಪ್ ಬೇಡ, ಪೆನ್‌ಡ್ರೈವ್ ಚುಚ್ಚಿದರೆ ಸಾಕು. ಪಯೋನಿಯರ್ ಎಕ್ಸ್‌ಡಿಜೆ-ಆರ್‌ಎಕ್ಸ್3, ಎಕ್ಸ್‌ಡಿಜೆ-ಎಕ್ಸ್‌ಝಡ್, ಡೆನಾನ್ ಪ್ರೈಮ್ 4 ಈ ಜಾತಿಯವು. ಬಿಡಿ ಸೆಟ್ ಎಂದರೆ ಸಿಡಿಜೆ-3000 ಅಥವಾ ಹಳೆಯ 2000 ನೆಕ್ಸಸ್2ರಂಥ ಎರಡು ಪ್ಲೇಯರ್, ನಡುವೆ ಡಿಜೆಎಂ ಮಿಕ್ಸರ್. ಹೆಸರಿನಲ್ಲಿ ಸಿಡಿ ಇದ್ದರೂ 3000ದಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಮೂರನೆಯ ದಾರಿ. ಕಲಿಯಲು ಅದು ಅಗ್ಗ ಮತ್ತು ಸಾಕು. ಆದರೆ ಮೇ ತಿಂಗಳ ಸೆಖೆಯಲ್ಲಿ ಶಾಮಿಯಾನದಡಿ ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾಗುವುದು, ನಡುವೆ ಅಪ್‌ಡೇಟ್ ಶುರುವಾಗುವುದು ಇವೆಲ್ಲ ಅದರ ಜೊತೆಗೇ ಬರುತ್ತವೆ. ಇಲ್ಲಿ ಮೊದಲ ಎರಡರ ಮಾತು ಮಾತ್ರ.

ಬೆಲೆಯಲ್ಲಿ ಹೋಲಿಕೆಯೇ ಇಲ್ಲ. 2020ರಲ್ಲಿ ಸಿಡಿಜೆ-3000 ಬಂದಾಗ ಅಮೆರಿಕದಲ್ಲಿ ಒಂದರ ಬೆಲೆ 2,299 ಡಾಲರ್. ಮರುವರ್ಷ ಬಂದ ಆರ್‌ಎಕ್ಸ್3 ಇಡೀ ಪೆಟ್ಟಿಗೆಗೆ 1,999. ಬಿಡಿಯಾಗಿ ಹೋಗುವವರು ಎರಡು ಪ್ಲೇಯರ್, ಮೇಲೊಂದು ಮಿಕ್ಸರ್, ಕೇಸುಗಳು, ಎಲ್ಲವನ್ನೂ ಕೊಳ್ಳಬೇಕು. ನಮ್ಮೂರ ಮದರಂಗಿ ಕಾರ್ಯಕ್ರಮಗಳ ಬಾಡಿಗೆಯಲ್ಲಿ ಆ ದುಡ್ಡು ಹುಟ್ಟಲು ತುಂಬ ಸೀಸನ್ ಬೇಕು.

ತೂಕ, ಅಗಲ ನೋಡಿ. ಸಿಡಿಜೆ-3000 ಒಂದು ಸುಮಾರು 5.5 ಕಿಲೊ, ಡಿಜೆಎಂ-900 ನೆಕ್ಸಸ್2 ಸುಮಾರು 8 ಕಿಲೊ. ಮೂರೂ ಸೇರಿ 19 ಕಿಲೊ, ಫ್ಲೈಟ್ ಕೇಸ್ ಬೇರೆ. ಒಬ್ಬರಿಂದ ಎತ್ತಿ ಮೆಟ್ಟಿಲು ಹತ್ತಲಾಗದು. ಆರ್‌ಎಕ್ಸ್3 ಒಂಬತ್ತು ಕಿಲೊ ಚಿಲ್ಲರೆ, ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತದೆ. ಮೂರು ಬಿಡಿ ವಸ್ತು ಸಾಲಾಗಿ ಇಟ್ಟರೆ ಹತ್ತಿರ ಹತ್ತಿರ ಒಂದು ಮೀಟರ್ (329, 333, 329 ಮಿಲಿಮೀಟರ್), ಆರ್‌ಎಕ್ಸ್3 728 ಮಿಲಿಮೀಟರ್. ಹಾಲಿನವರು ಕೊಡುವ ಮಡಚುವ ಮೇಜು ನಾಲ್ಕಡಿ ಇದ್ದರೆ ಎರಡೂ ಹಿಡಿಯುತ್ತವೆ, ಮೂರಡಿ ಇದ್ದರೆ ಬಿಡಿ ಸೆಟ್ಟಿನ ಅಂಚು ಹೊರಗೆ ಬರುತ್ತದೆ. ಮೇಜು ಅಲುಗುತ್ತದೆಯೇ ಎಂದೂ ನೋಡಿಕೊಳ್ಳಿ.

ಸಮಯದ ಲೆಕ್ಕ ಇನ್ನೂ ಮುಖ್ಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಊಟ ಮುಗಿದು, ಶಾಮಿಯಾನ ಖಾಲಿಯಾಗಿ, ನಿಮ್ಮ ಕೈಗೆ ವೇದಿಕೆ ಸಿಗುವಾಗ ಎಂಟೂವರೆ. ಆಲ್-ಇನ್-ಒನ್‌ಗೆ ಒಂದು ಕರೆಂಟ್ ವಯರ್, ಸೌಂಡಿನವರ ಕಡೆಗೆ ಹೋಗುವ ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಆಡಿಯೊ) ವಯರ್, ಮುಗಿಯಿತು. ಬಿಡಿ ಸೆಟ್ಟಿಗೆ ಮೂರು ಕರೆಂಟ್ ವಯರ್, ಪ್ಲೇಯರಿನಿಂದ ಮಿಕ್ಸರಿಗೆ ಎರಡು ಜೋಡಿ ಆರ್‌ಸಿಎ ಆಡಿಯೊ ವಯರ್, ಎರಡು ಎಕ್ಸ್‌ಎಲ್‌ಆರ್, ಲ್ಯಾನ್ ವಯರ್. ಎರಡೇ ಪ್ಲೇಯರ್ ಆದರೆ ಒಂದರಿಂದ ಇನ್ನೊಂದಕ್ಕೆ ಒಂದೇ ಲ್ಯಾನ್ ವಯರ್ ಸಾಕು, ಒಂದರಲ್ಲಿ ಹಾಕಿದ ಪೆನ್‌ಡ್ರೈವ್ ಇನ್ನೊಂದಕ್ಕೂ ಕಾಣುತ್ತದೆ. ಮಿಕ್ಸರನ್ನೂ ಸೇರಿಸಿದರೆ ನಡುವೆ ಸಾದಾ ಗಿಗಾಬಿಟ್ ಸ್ವಿಚ್ ಬೇಕು, ಅದಕ್ಕೆ ಮತ್ತೊಂದು ಅಡಾಪ್ಟರ್. ಮನೆಯ ವೈಫೈ ರೂಟರನ್ನೇ ತಂದು ಹಾಕುವವರಿದ್ದಾರೆ, ಬೇಡ. ಪ್ಲೇಯರ್ ನಂಬರ್ 1, 2 ಎಂದು ಮೊದಲೇ ಸೆಟ್ ಮಾಡಿ. ಎರಡಕ್ಕೂ ಒಂದೇ ನಂಬರ್ ಬಿದ್ದರೆ ಲಿಂಕ್ ಗೊಂದಲವಾಗುತ್ತದೆ. ಲ್ಯಾನ್ ವಯರಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಆ ವಯರನ್ನು ಎಸೆಯಿರಿ, ಬಾಸ್ ಬಡಿತಕ್ಕೆ ಜಾರಿ ಬರುತ್ತದೆ.

ಬಿಡಿ ಸೆಟ್ಟಿನಲ್ಲಿ ಹೆಚ್ಚು ಕಾಣುವ ತಪ್ಪು ಮಿಕ್ಸರಿನ ಹಿಂಬದಿಯ ಸಾಕೆಟ್ಟಿನದು. ಪ್ಲೇಯರನ್ನು ಲೈನ್ ಸಾಕೆಟ್ಟಿನ ಬದಲು ಫೋನೊ ಸಾಕೆಟ್ಟಿಗೆ ಚುಚ್ಚಿದರೆ ಶಬ್ದ ಒಡೆದು ಕಿರುಚುತ್ತದೆ, ಏಕೆಂದರೆ ಫೋನೊ ದಾರಿ ಗ್ರಾಮಫೋನ್ ಸೂಜಿಯ ಸಣ್ಣ ಸಿಗ್ನಲನ್ನು ಹಿಗ್ಗಿಸಲು ಮಾಡಿದ್ದು. ಕತ್ತಲೆಯಲ್ಲಿ ಹಿಂಬದಿಗೆ ಕೈಹಾಕಿ ಚುಚ್ಚುವವರಿಗೆ ಇದು ಗ್ಯಾರಂಟಿ. ಸಾಕೆಟ್ಟುಗಳ ಪಕ್ಕ ಬಣ್ಣದ ಟೇಪ್ ಅಂಟಿಸಿಡಿ.

ಇಷ್ಟು ಕೇಳಿದರೆ ಆಲ್-ಇನ್-ಒನ್ ಗೆದ್ದ ಹಾಗೆ. ಆದರೆ ಕೆಟ್ಟರೆ? ಬಿಡಿ ಸೆಟ್ಟಿನಲ್ಲಿ ಒಂದು ಪ್ಲೇಯರ್ ಸತ್ತರೆ ಇನ್ನೊಂದರಿಂದ ಹಾಡು ಓಡುತ್ತದೆ, ಮಿಕ್ಸರಿನ ಇನ್ನೊಂದು ಚಾನೆಲ್ಲಿಗೆ ಫೋನ್ ಚುಚ್ಚಿ ಸುಧಾರಿಸಬಹುದು. ಆಲ್-ಇನ್-ಒನ್‌ನಲ್ಲಿ ಪವರ್ ಬೋರ್ಡ್ ಹೋದರೆ ಡೆಕ್, ಮಿಕ್ಸರ್, ಹೆಡ್‌ಫೋನ್ ಎಲ್ಲ ಒಟ್ಟಿಗೆ ಹೋದವು. ಒಂದು ಫೇಡರ್ (ಶಬ್ದ ಏರಿಸಿಳಿಸುವ ಜಾರುಪಟ್ಟಿ) ಕರಕರ ಎಂದರೂ ಇಡೀ ಪೆಟ್ಟಿಗೆ ರಿಪೇರಿಗೆ ಊರು ಬಿಟ್ಟು ಹೋಗಬೇಕು, ಅಷ್ಟು ದಿನ ಕೈ ಖಾಲಿ. ಹಾಗಾಗಿ ಆಲ್-ಇನ್-ಒನ್ ಕೊಂಡವರು ಒಂದು ನಿಯಮ ಪಾಲಿಸಬೇಕು: ಬದಲಿ ದಾರಿ ಆ ಪೆಟ್ಟಿಗೆಯ ಮೂಲಕ ಹೋಗಬಾರದು. ಹಿಂದೆ ಆಕ್ಸ್ ಸಾಕೆಟ್ ಇದೆಯಲ್ಲ ಎಂದು ಅದಕ್ಕೇ ಫೋನ್ ಚುಚ್ಚಿಟ್ಟರೆ ಪೆಟ್ಟಿಗೆ ಸತ್ತ ದಿನ ಅದೂ ಸಾಯುತ್ತದೆ. ಸೌಂಡಿನವರ ಮಿಕ್ಸರಿನಲ್ಲಿ ಬೇರೆ ಒಂದು ಜೋಡಿ ಚಾನೆಲ್ ಕೇಳಿಕೊಳ್ಳಿ. 3.5 ಮಿಲಿಮೀಟರ್ ಪಿನ್ನಿನ ವಯರ್, ಒಂದು ಸ್ಟೀರಿಯೊ ಡಿಐ ಬಾಕ್ಸ್ (ಫೋನಿನ ಸಿಗ್ನಲನ್ನು ಸೌಂಡಿನವರ ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ), ಫ್ಲೈಟ್ ಮೋಡಿಗೆ ಹಾಕಿದ ಫೋನಿನಲ್ಲಿ ಒಂದು ಗಂಟೆಯ ಮಿಕ್ಸ್. ಕಾರ್ಯಕ್ರಮಕ್ಕೆ ಮೊದಲೇ ಲೆವೆಲ್ ನೋಡಿ ಫೇಡರ್ ಇಳಿಸಿಡಲಿ. ಇಷ್ಟಿದ್ದರೆ ಬಿಡಿ ಸೆಟ್ಟಿನ ದೊಡ್ಡ ಲಾಭದ ಮುಕ್ಕಾಲು ಪಾಲು ಕಡಿಮೆ ಖರ್ಚಿನಲ್ಲಿ ಸಿಕ್ಕಿತು.

ಮೈಕ್ ಕೂಡ ಹಾಗೆಯೇ. ನಿರೂಪಕರ ಮೈಕನ್ನು ಡಿಜೆ ಕನ್ಸೋಲಿಗೆ ಹಾಕಬೇಡಿ, ಸೌಂಡಿನವರಲ್ಲೇ ಇರಲಿ. ಹಾಡು ನಿಂತ ಹೊತ್ತಿನಲ್ಲಿ ಮೈಕೂ ನಿಂತರೆ ಜನರನ್ನು ಸಮಾಧಾನ ಮಾಡುವುದು ಹೇಗೆ ಮಾರಾಯ್ರೆ?

ಕರೆಂಟಿನ ವಿಷಯಕ್ಕೆ ಬರೋಣ, ಇಲ್ಲಿ ಹೆಚ್ಚು ಸೆಟ್ ಸಾಯುವುದು ಅದರಿಂದಲೇ. ಮಳೆಗಾಲದಲ್ಲಿ ಲೈನ್ ಹೋಗುತ್ತದೆ ಬರುತ್ತದೆ. ಹಾಲಿನವರು ಜನರೇಟರಿಗೆ ಬದಲಾಯಿಸುವಾಗ ಒಂದು ಜರ್ಕ್. ಏನೇ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ಫೇಸ್-ನ್ಯೂಟ್ರಲ್ ನಡುವೆ 207ರಿಂದ 253 ವೋಲ್ಟ್ ಒಳಗಿರಬೇಕು. ಫೇಸ್-ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬಾರದಿದ್ದರೆ ಅರ್ತ್ ಇಲ್ಲ ಎಂದರ್ಥ. ನ್ಯೂಟ್ರಲ್-ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಬಹಳ ಹೆಚ್ಚಿದ್ದರೆ ಎಲೆಕ್ಟ್ರೀಷಿಯನ್ ಬರಲಿ. ತ್ರೀ-ಫೇಸ್ ಜನರೇಟರಿನಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಇರಬೇಕಾದ ಪ್ಲಗ್ಗಿನಲ್ಲಿ 400ರ ಹತ್ತಿರಕ್ಕೆ ಏರಬಹುದು, ಆಗ ಆಲ್-ಇನ್-ಒನ್ ಎಂದೂ ಬಿಡಿ ಎಂದೂ ಭೇದವಿಲ್ಲ, ಎಲ್ಲ ಸುಡುತ್ತದೆ.

ಕನ್ಸೋಲಿಗೆ ಯುಪಿಎಸ್ ಹಾಕಿ. ಆಲ್-ಇನ್-ಒನ್ ಎಳೆಯುವುದು ನೂರು ವ್ಯಾಟಿಗಿಂತ ಕಡಿಮೆ. ಹಿಂಬದಿಯ ಫಲಕದಲ್ಲಿ ಬರೆದಿರುತ್ತದೆ, ಓದಿ. ಕಂಪ್ಯೂಟರಿಗೆ ಹಾಕುವ 600 ವಿಎ ಲೈನ್-ಇಂಟರ್ಯಾಕ್ಟಿವ್ ಯುಪಿಎಸ್ ಸಾಕು. ಬಿಡಿ ಸೆಟ್ಟಿಗಾದರೆ ಮೂರರ ವ್ಯಾಟ್ ಕೂಡಿಸಿ, ಒಂದು ಮೆಟ್ಟಿಲು ದೊಡ್ಡದು ತೆಗೆದುಕೊಳ್ಳಿ. ಆಂಪ್ಲಿಫೈಯರ್, ಪವರ್ಡ್ ಸ್ಪೀಕರ್, ಲೈಟು ಇದಕ್ಕೆ ಚುಚ್ಚಲೇಬೇಡಿ. ಕರೆಂಟ್ ಹೋದಾಗ ಸ್ಪೀಕರ್ ನಿಲ್ಲುತ್ತದೆ, ಅದು ಪರವಾಗಿಲ್ಲ. ಜನರೇಟರ್ ಹಿಡಿದ ಕೂಡಲೇ ಹಾಡು ಅಲ್ಲೇ ಓಡುತ್ತಿರುತ್ತದೆ, ಪ್ಲೇಯರ್ ಮತ್ತೆ ಆನ್ ಆಗಿ ಪೆನ್‌ಡ್ರೈವ್ ಓದುವವರೆಗೆ ಕಾಯಬೇಕಿಲ್ಲ. ಪೆನ್‌ಡ್ರೈವಿನ ಡೇಟಾಬೇಸ್ ಕೆಡುವುದೂ ತಪ್ಪುತ್ತದೆ. ಶೋಭಾಯಾತ್ರೆಯ ಟೆಂಪೊ ಮೇಲೆ ಬಾರಿಸುವವರಿಗೆ ಬ್ಯಾಟರಿ ಇರುವ ಪುಟ್ಟ ಆಲ್-ಇನ್-ಒನ್‌ಗಳಿವೆ: ಡೆನಾನ್ ಪ್ರೈಮ್ ಗೊ ಸುಮಾರು 4 ಗಂಟೆ, 2024ರ ಓಮ್ನಿಸ್-ಡ್ಯುಯೊ ಸುಮಾರು 5 ಗಂಟೆ ಎಂದು ಕಂಪನಿಯ ಲೆಕ್ಕ.

ಗುಂಯ್ ಎಂಬ ಹಮ್ ಬಂದರೆ ಕೆಲವರು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುತ್ತಾರೆ. ಜೀವಕ್ಕೆ ಅಪಾಯ, ಮಾಡಬೇಡಿ. ಕನ್ಸೋಲ್ ಒಂದು ಕಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಮೂಲೆಯ ಪ್ಲಗ್ಗಿನಲ್ಲಿ ಇದ್ದಾಗ ಎರಡು ಅರ್ತ್ ದಾರಿಗಳ ನಡುವೆ ಸುತ್ತುವ ಕರೆಂಟ್ ಅದು. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿದರೆ ಹೆಚ್ಚಾಗಿ ಹೋಗುತ್ತದೆ. ಲೆವೆಲ್ ವಿಷಯ ಚಿಕ್ಕದು: ಮೀಟರ್ ಕಿತ್ತಳೆ ಮುಟ್ಟಿದರೆ ಸಾಕು, ಕೆಂಪು ಬೇಡ. ಸೌಂಡು ಸಾಲದಿದ್ದರೆ ಸೌಂಡಿನವರು ಏರಿಸಲಿ.

ಪೆನ್‌ಡ್ರೈವ್ ತಯಾರಿಯಲ್ಲಿ ಈಗ ಹೊಸದೊಂದು ತೊಡಕು ಇದೆ. ಓಪಸ್ ಕ್ವಾಡ್, ಓಮ್ನಿಸ್-ಡ್ಯುಯೊ, ಎಕ್ಸ್‌ಡಿಜೆ-ಎಝಡ್ ಎಂಬ ಹೊಸ ಆಲ್-ಇನ್-ಒನ್‌ಗಳು ಓದುವುದು ಡಿವೈಸ್ ಲೈಬ್ರರಿ ಪ್ಲಸ್ ಎಂಬ ಹೊಸ ಬಗೆಯ ಡೇಟಾಬೇಸ್. ಸಿಡಿಜೆ-2000 ನೆಕ್ಸಸ್2, ಆರ್‌ಎಕ್ಸ್ ಸರಣಿಯಂಥ ಹಳೆಯವು ಓದುವುದು ಹಳೆಯ ಡಿವೈಸ್ ಲೈಬ್ರರಿ. ಮನೆಯಲ್ಲಿ ಹೊಸ ಆಲ್-ಇನ್-ಒನ್ ಇಟ್ಟುಕೊಂಡು ಮಂಗಳೂರಿನ ಪಬ್ಬಿನ ಹಳೆಯ ಪ್ಲೇಯರಿನಲ್ಲಿ ಬಾರಿಸಲು ಹೋಗುವವರ ಪ್ಲೇಲಿಸ್ಟ್ ಅಲ್ಲಿ ಕಾಣದಿರುವುದು ಇದರಿಂದ. ಪಯೋನಿಯರ್ ಸೆಟ್ಟಿಗೆ ಹಾಡು ಜೋಡಿಸುವ ಸಾಫ್ಟ್‌ವೇರ್ ರೆಕಾರ್ಡ್‌ಬಾಕ್ಸಿನ ಹೊಸ ಆವೃತ್ತಿಯಲ್ಲಿ ಎರಡೂ ಬಗೆಯಲ್ಲಿ ಬರೆಯಿಸಿ. ಡೆನಾನ್ ಕೊಂಡರೆ ಎಂಜಿನ್ ಡಿಜೆ ಎಂಬ ಬೇರೆಯೇ ಸಾಫ್ಟ್‌ವೇರ್. ಹೊರಗೆ ಎಲ್ಲೆಡೆ ಪಯೋನಿಯರ್ ಇದ್ದರೆ ಇದು ದಿನನಿತ್ಯದ ತಲೆನೋವು. ಫಾರ್ಮ್ಯಾಟ್ ಫ್ಯಾಟ್32 ಇರಲಿ, ಎನ್‌ಟಿಎಫ್‌ಎಸ್ ಪಯೋನಿಯರ್ ಪ್ಲೇಯರ್ ಓದುವುದಿಲ್ಲ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ತೋರಿಸದೆ ಹೋದರೆ ಬೇರೆ ಟೂಲ್ ಬಳಸಿ. ಒಂದೇ ರೀತಿಯ ಎರಡು ಪೆನ್‌ಡ್ರೈವ್ ಕಿಸೆಯಲ್ಲಿರಲಿ. ಕನ್ನಡ, ಮಲಯಾಳಂ ಲಿಪಿಯಲ್ಲಿ ಹೆಸರಿಟ್ಟ ಹಾಡು ಪರದೆಯಲ್ಲಿ ಸರಿಯಾಗಿ ಕಾಣುತ್ತದೆಂದು ನಂಬಿ ಹೋಗಬೇಡಿ. ತುಳು ಹಾಡು ಕೇಳಿದಾಗ ಹುಡುಕಲು ಸಿಗಬೇಕಾದರೆ ರೋಮನ್ ಅಕ್ಷರದ ಹೆಸರೇ ಕ್ಷೇಮ.

ಹಾಗಾದರೆ ಬಿಡಿ ಸೆಟ್ ಯಾರಿಗೆ? ಬೆಂಗಳೂರು, ಕೊಚ್ಚಿ, ಗೋವಾದ ಕ್ಲಬ್ಬುಗಳಲ್ಲಿ ಬಾರಿಸುವ ಗುರಿ ಇಟ್ಟು ಅಲ್ಲಿನ ಸಾಮಾನಿನ ಮೇಲೇ ಕೈ ಪಳಗಿಸಬೇಕೆನ್ನುವವರಿಗೆ. ಬೇರೆ ಡಿಜೆಗಳಿಗೆ ಸೆಟ್ ಬಾಡಿಗೆ ಕೊಡುವ ಸೌಂಡ್ಸ್ ಅಂಗಡಿಗೆ, ಏಕೆಂದರೆ ಹೊರಗಿನಿಂದ ಬರುವ ಡಿಜೆ ಕಳಿಸುವ ಪಟ್ಟಿಯಲ್ಲಿ ಸಿಡಿಜೆ, ಡಿಜೆಎಂ ಹೆಸರೇ ಇರುತ್ತದೆ, ಆಲ್-ಇನ್-ಒನ್ ಒಪ್ಪುವವರು ಕಡಿಮೆ. ಬೇಕಾದಾಗ ಒಂದೊಂದಾಗಿ ಮಾರಬಹುದೆಂಬುದೂ ಲಾಭ. ವಾರಕ್ಕೆರಡು ಮದುವೆ ಹಿಡಿಯುವ, ಒಬ್ಬನೇ ಓಡಾಡುವ ಡಿಜೆಗೆ ಆಲ್-ಇನ್-ಒನ್, ಯುಪಿಎಸ್, ಡಿಐ ಬಾಕ್ಸ್ ಈ ಮೂರು ಸಾಕು, ನನ್ನ ಮಟ್ಟಿಗೆ ಇದರಲ್ಲಿ ಅನುಮಾನವಿಲ್ಲ. ನಡುವಿನ ದಾರಿ ಬೇಕಾದವರಿಗೆ ಎಕ್ಸ್‌ಝಡ್ ಇದೆ: ಒಳಗೆ ಎರಡು ಡೆಕ್, ನಾಲ್ಕು ಚಾನೆಲ್ ಮಿಕ್ಸರ್, ಲ್ಯಾನ್ ಮೂಲಕ ಹೊರಗಿನ ಎರಡು ಪ್ಲೇಯರ್ ಸೇರಿಸಬಹುದು. ಆದರೆ ಅದು 13 ಕಿಲೊ.

ಹಳೆಯದು ಕೊಳ್ಳುವವರು ಎರಡು ಗಂಟೆ ಓಡಿಸಿಯೇ ದುಡ್ಡು ಕೊಡಿ, ಬಿಸಿಯಾದ ಮೇಲೆಯೇ ದೋಷ ಹೊರಬರುವುದು. ಪ್ಲೇ, ಕ್ಯೂ ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಹಿಡಿಯುತ್ತದೆಯೇ, ಟೆಂಪೊ ಸ್ಲೈಡರ್ ನಡುವಿಗೆ ತಂದಾಗ ಸೊನ್ನೆಯಲ್ಲಿ ನಿಲ್ಲುತ್ತದೆಯೇ, ಯುಎಸ್‌ಬಿ ಸಾಕೆಟ್ ಅಲುಗಿಸಿದರೆ ಸಂಪರ್ಕ ತಪ್ಪುತ್ತದೆಯೇ, ಟಚ್ ಪರದೆಯ ಮೂಲೆಗಳು ಸ್ಪಂದಿಸುತ್ತವೆಯೇ, ಎಕ್ಸ್‌ಎಲ್‌ಆರ್ ಎರಡೂ ಬದಿ ಸಮವಾಗಿ ಬರುತ್ತದೆಯೇ ನೋಡಿ. ಕಡಲ ಬದಿಯ ಊರಿನಲ್ಲಿ ಓಡಿದ ಸೆಟ್ಟಾದರೆ ಆರ್‌ಸಿಎ ಸಾಕೆಟ್ ಕಪ್ಪಗಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿದರೆ ಸರಿ. ಫೇಡರಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ, ಫೇಡರಿಗೆಂದೇ ಮಾಡಿದ ಕ್ಲೀನರ್ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟು, ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಡಿ. ಒದ್ದೆ ಕೇಸ್ ಮುಚ್ಚಿಟ್ಟರೆ ಸ್ಪಂಜಿನಲ್ಲಿ ಬೂಸ್ಟು ಹಿಡಿಯುತ್ತದೆ.

ಗಲ್ಫಿನಲ್ಲಿರುವ ಅಣ್ಣನ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲು ಬರಹದಲ್ಲಿ ಕೇಳಿ, ವಿಮಾನ ನಿಲ್ದಾಣದಲ್ಲಿ ಮಿತಿ ದಾಟಿದ್ದಕ್ಕೆ ಸುಂಕ ಕಟ್ಟುವ ಲೆಕ್ಕವನ್ನೂ ಬೆಲೆಗೆ ಸೇರಿಸಿ. ಚೌಕ ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸುವ ಬದಲು ವಯರನ್ನೇ ಬದಲಾಯಿಸಿ, ಬಿಚ್ಚಿ ತೆಗೆಯುವಂಥ ವಯರೇ ಅದು. ಮಂಗಳೂರಿನ ಅಂಗಡಿಯಲ್ಲಿ ಕೊಳ್ಳುವವರು, ನಿಮ್ಮ ವ್ಯವಹಾರಕ್ಕೆ ಕೇರಳದ ಜಿಎಸ್‌ಟಿ ನೋಂದಣಿ ಇದ್ದರೆ, ಬಿಲ್ ಮಾಡಿಸುವ ಮೊದಲೇ ಆ ನಂಬರ್ ಕೊಟ್ಟು ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ) ಹಾಕಿಸಲು ಕೇಳಿ. ಕರ್ನಾಟಕದ ಎಸ್‌ಜಿಎಸ್‌ಟಿ ಬಿದ್ದರೆ ಅದರ ಕ್ರೆಡಿಟ್ ತಲಪಾಡಿ ಗಡಿ ದಾಟಿದ ಮೇಲೆ ಸಿಗುವುದಿಲ್ಲ.