ಫುಟ್‌ಪಾತ್ ಅಗಲ ಇತ್ತು, ಹತ್ತುವವರು ಇರಲಿಲ್ಲ

ನಂದು ರಸ್ತೆ ಸರ್ವೆ ಕೆಲಸ. ಹೋದ ಬೇಸಿಗೆಯಲ್ಲಿ ಬಳ್ಳಾರಿಯ ರಾಯಲ್ ಸರ್ಕಲ್ ಕಡೆಗೆ ಹೋಗೋ ಒಂದು ಅಂಗಡಿ ಬೀದಿಯಲ್ಲಿ ಜನ ನಡೆಯೋಕೆ ಎಷ್ಟು ಅನುಕೂಲ ಇದೆ ಅಂತ ನೋಡಿ ಬರೆಯಬೇಕಿತ್ತು. ಬಿಸಿಲಿಗೆ ಹೆದರಿ ಬೆಳಗ್ಗೆ ಆರೂವರೆಗೇ ಹೋದೆ. ಒಂದು ಅಂಗಡಿಯೂ ತೆಗೆದಿರಲಿಲ್ಲ, ಆರಾಮಾಗಿ ಟೇಪು ಎಳೆದೆ.

ಫುಟ್‌ಪಾತ್ ಅಗಲ ಎರಡು ಮೀಟರ್ ಹತ್ತಿರ ಬಂತು. ನಾವು ಹಿಡಿಯೋ ಅಳತೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ರಸ್ತೆ ಎಂಜಿನಿಯರುಗಳ ಸಂಸ್ಥೆಯ ಮಾರ್ಗಸೂಚಿ, ಐಆರ್‌ಸಿ 103. ಅದರ ಪ್ರಕಾರ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿ ಬೀದಿಗೆ ಇನ್ನೂ ಜಾಸ್ತಿ. 'ಪರವಾಗಿಲ್ಲ' ಅಂತ ಬರೆದು ಫಾರ್ಮ್ ಮುಗಿಸಿದೆ.

ಸಂಜೆ ಒಗ್ಗರಣೆ ಮಿರ್ಚಿ ತಿನ್ನೋಕೆ ಅದೇ ಬೀದಿಗೆ ಹೋಗಿದ್ದೆ. ಜನರೆಲ್ಲ ಆಟೋ, ಬೈಕುಗಳ ಪಕ್ಕದಲ್ಲೇ ರೋಡಿನ ಮೇಲೆ ನಡೀತಿದ್ದರು. ಗಾಡಿ ಅಂಗಡಿಗಳು ಜಾಗ ಹಿಡಿದಿರಬೇಕು ಅಂತ ನೋಡಿದರೆ, ಅರ್ಧಕ್ಕರ್ಧ ಫುಟ್‌ಪಾತ್ ಖಾಲಿ! ಅಷ್ಟೊತ್ತಿಗೆ ನಾನೂ ರೋಡಲ್ಲೇ ನಡೆದು ಬಂದಿದ್ದೀನಿ ಅನ್ನೋದು ಗಮನಕ್ಕೆ ಬಂತು. ಬೆಳಗ್ಗೆ ಅಳೆದವನೇ ಹತ್ತಿರಲಿಲ್ಲ.

ಹೂ ಬುಟ್ಟಿ ಹೊತ್ತ ಒಬ್ಬ ಅಜ್ಜಿಯನ್ನ ಕೇಳಿದೆ, ಮೇಲೆ ಯಾಕೆ ಹೋಗಲ್ಲ ಅಂತ. "ಹತ್ತೋದು ಇಳಿಯೋದು, ಮತ್ತ ಹತ್ತೋದು ಇಳಿಯೋದು. ನನ್ ಮೊಣಕಾಲು ತಾಳಬೇಕಲ್ಲಪ್ಪ, ಅದಕಿಂತ ರೋಡೇ ಪಾಡು" ಅಂದಳು.

ಮರುದಿನ ಎತ್ತರ ಅಳೆದೆ. ಚರಂಡಿ ಮೇಲೆ ಚಪ್ಪಡಿ ಹಾಕಿ ಅದನ್ನೇ ಫುಟ್‌ಪಾತ್ ಮಾಡಿದ್ದರು, ಹಾಗಾಗಿ ಕೆಲವು ಕಡೆ 14 ಇಂಚು ಬಂತು. ಇರಬೇಕಾದ್ದು ಹೆಚ್ಚೆಂದರೆ 150 ಮಿಲಿಮೀಟರ್, ಅಂದರೆ ಆರು ಇಂಚು. ಸಾಲದ್ದಕ್ಕೆ ಎರಡು ಮೂರು ಅಂಗಡಿಗೊಂದು ಕಡೆ ಬೈಕ್ ಹತ್ತಿಸೋಕೆ ಅಂತ ಅದನ್ನ ಒಡೆದು ಇಳಿಜಾರು ಮಾಡಿಕೊಂಡಿದ್ದರು. ನಮ್ಮ ಫಾರ್ಮ್‌ನಲ್ಲಿ ಅಗಲಕ್ಕೆ ಕಾಲಂ ಇತ್ತು, ಎತ್ತರಕ್ಕೂ ಇರಲಿಲ್ಲ, ಎಷ್ಟು ಸಲ ಹತ್ತಿ ಇಳಿಯಬೇಕು ಅನ್ನೋದಕ್ಕೂ ಇರಲಿಲ್ಲ. ಹಾಗಂತ ತಪ್ಪೆಲ್ಲ ಫಾರ್ಮ್‌ದೇ ಅನ್ನೋಕಾಗಲ್ಲ ಬಿಡಿ, ಆ ಬೀದಿಯಲ್ಲಿ ಒಂದು ಸಲ ಸುಮ್ನೆ ನಡೆದಿದ್ದರೆ ನನಗೇ ಗೊತ್ತಾಗ್ತಿತ್ತು, ಅಲ್ವಾ?

ಎರಡೂ ಕಾಲಂ ಸೇರಿಸಿ ರಿಪೋರ್ಟ್ ಹೊಸದಾಗಿ ಬರೆದೆ. ಈಗ ಯಾವ ಬೀದಿಗೆ ಹೋದರೂ ಮೊದಲು ಅರ್ಧ ಗಂಟೆ ಜನರ ಕಾಲು ಎಲ್ಲಿ ಬೀಳುತ್ತೆ ಅಂತ ನೋಡ್ತೀನಿ, ಟೇಪು ಆಮೇಲೆ. ಮಧ್ಯಾಹ್ನವಂತೂ ಎಲ್ಲರೂ ನೆರಳಿರೋ ಬದಿಗೇ ಹೋಗ್ತಾರೆ, ಅಲ್ಲಿ ಫುಟ್‌ಪಾತ್ ಹೇಗೇ ಇರಲಿ. ಅದಕ್ಕೆ ನೆರಳಿಗೂ ಅಂಕ ಕೊಡೋಣ ಅಂತ ನಾನು, ಅದು ನಮ್ಮ ಕೆಲಸ ಅಲ್ಲ ಅಂತ ಜೊತೆಯವರು. ಆ ಜಗಳ ಇನ್ನೂ ನಡೀತಾ ಇದೆ.