ಹೆರಿಗೆ ಆಯ್ತಲ್ಲ, ಇನ್ಯಾಕೆ ಐಸಿಯು?

ಹಾರ್ಟ್ ಪ್ರಾಬ್ಲಮ್ ಇರೋ ಬಾಣಂತೀನ ಐಸಿಯುಗೆ ಕರ್ಕೊಂಡು ಬಂದ ತಕ್ಷಣ ಮನೆಯವರು ಕೇಳೋದು ಇದೊಂದೇ, ಹೆರಿಗೆ ಸಲೀಸಾಗಿ ಆಯ್ತಲ್ಲ ಮೇಡಂ, ಮಗೂನೂ ಚೆನ್ನಾಗಿದೆ, ಇನ್ಯಾಕೆ ಅಂತ. ನಮಗೆ ಜಾಸ್ತಿ ಭಯ ಶುರುವಾಗೋದೇ ಅಲ್ಲಿಂದ.

ಬಸುರೀಲಿ ಮೈಯಲ್ಲಿರೋ ರಕ್ತ ಶೇ. 40-50ರಷ್ಟು ಜಾಸ್ತಿ ಆಗುತ್ತೆ, ಆದ್ರೆ ಅದು ತಿಂಗಳುಗಟ್ಟಲೆ ನಿಧಾನಕ್ಕೆ ಏರೋದ್ರಿಂದ ಎಷ್ಟೋ ಜನ ಹೆಂಗೋ ಸುಧಾರಿಸ್ಕೊಂಡು ಬಂದಿರ್ತಾರೆ. ಹೆರಿಗೇಲಿ ಹಂಗಲ್ಲ. ಒಂದೊಂದು ನೋವಿಗೂ ಗರ್ಭಕೋಶ ಹಿಂಡಿ 300-500 ಎಂಎಲ್ ರಕ್ತಾನ ವಾಪಸ್ ತಳ್ಳುತ್ತೆ, ಮಗು ಹೊರಗೆ ಬಂದ್ಮೇಲಂತೂ ಅಲ್ಲೀವರೆಗೂ ಹೊಟ್ಟೆ ಭಾರಕ್ಕೆ ಅದುಮಿಕೊಂಡಿದ್ದ ದೊಡ್ಡ ರಕ್ತನಾಳ ತೆರ್ಕೊಂಡು ಕೆಳಗಿನ ರಕ್ತ ಎಲ್ಲಾ ಹಾರ್ಟಿಗೆ ನುಗ್ಗುತ್ತೆ.

ಮೈಟ್ರಲ್ ಸ್ಟೆನೋಸಿಸ್, ಅಂದ್ರೆ ಹಾರ್ಟಿನ ಎಡಗಡೆ ಇರೋ ಮೈಟ್ರಲ್ ವಾಲ್ವ್ ಕಿರಿದಾಗಿರೋ ಕಾಯಿಲೆ ಇದ್ರೆ ಇದು ತುಂಬಾ ಕಷ್ಟ. ಚಿಕ್ಕೋರಿದ್ದಾಗ ಬಂದ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕಿರಿದಾಗಿರುತ್ತೆ, ಎಷ್ಟೋ ಸಲ ಬಸುರಿ ಆಗಿ ಉಸಿರು ಕಟ್ಟಿದಾಗ್ಲೇ ಅದು ಗೊತ್ತಾಗೋದು. ಹಾರ್ಟ್ ಜೋರಾಗಿ ಹೊಡ್ಕೊಂಡಷ್ಟೂ ಆ ಸಣ್ಣ ಬಾಗಿಲು ದಾಟೋಕೆ ರಕ್ತಕ್ಕೆ ಟೈಮ್ ಸಾಲಲ್ಲ, ಹಿಂದೇನೇ ನಿಂತು ಪ್ರೆಶರ್ ಏರಿ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳುತ್ತೆ. ಅದಕ್ಕೇ ಪಲ್ಸ್ ಇಳಿಸೋಕೆ ಬೀಟಾ ಬ್ಲಾಕರ್, ನೀರು ತೆಗೆಯೋಕೆ ಫ್ರೂಸಮೈಡ್, ಬಿಪಿ ಕ್ಷಣಕ್ಷಣಕ್ಕೂ ನೋಡೋಕೆ ಕೈಯ ರಕ್ತನಾಳದಲ್ಲಿ ಸಣ್ಣ ನಳಿಕೆ (ಆರ್ಟೀರಿಯಲ್ ಲೈನು), ಯೂರಿನ್ ಗಂಟೆಗಂಟೆಗೂ ಅಳೆಯೋದು, ಇದೆಲ್ಲಾ ಮೊದಲ 24-72 ಗಂಟೆ ಬಿಡದೆ ನಡೀಬೇಕು. ಡ್ರಿಪ್ಪೇ ಹಾಕಿಲ್ಲ, ಸರಿಯಾಗಿ ನೋಡ್ಕೋತಿಲ್ಲ ಅಂತ ಸಿಟ್ಟಾಗೋರಿದಾರೆ, ಆದ್ರೆ ಇಂಥೋರಿಗೆ ಡ್ರಿಪ್ ಸುಮ್ಮನೆ ಓಡಿಸಿದ್ರೇನೇ ಅಪಾಯ!

ಬ್ಲೀಡಿಂಗ್ ನಿಲ್ಲಿಸೋ ಔಷಧೀಲೂ ಹುಷಾರಾಗಿರ್ಬೇಕು. ಮೆಥರ್ಜಿನ್ ಬಿಪಿ ಏರಿಸುತ್ತೆ, ಹಂಗಾಗಿ ಸಾಮಾನ್ಯವಾಗಿ ಕೊಡಲ್ಲ, ಆಕ್ಸಿಟೋಸಿನ್ ಒಂದೇ ಸಲ ಜೋರಾಗಿ ಕೊಟ್ರೆ ಬಿಪಿ ಬಿದ್ಹೋಗುತ್ತೆ, ನಿಧಾನಕ್ಕೆ ಬಿಡ್ಬೇಕು. ಆಪರೇಷನ್ ಮಾಡಿ ಮೆಟಲ್ ವಾಲ್ವ್ ಹಾಕಿರೋರ್ದು ಇನ್ನೊಂದು ತಲೆನೋವು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ ಬೇಗ ಶುರು ಮಾಡಿದ್ರೆ ಬ್ಲೀಡಿಂಗ್, ತಡ ಮಾಡಿದ್ರೆ ವಾಲ್ವಲ್ಲಿ ಕ್ಲಾಟ್. ಪ್ರಸೂತಿ ಡಾಕ್ಟರು, ಕಾರ್ಡಿಯಾಲಜಿಸ್ಟು, ಅನಸ್ತೇಷಿಯಾದವರು ಮೂರೂ ಜನ ಹೆರಿಗೆಗೆ ಮುಂಚೇನೇ ಕೂತು ಮಾತಾಡಿರ್ಬೇಕು ಅನ್ನೋದು ಇದಕ್ಕೇ, ರಾತ್ರಿ ಎರಡು ಗಂಟೆಗೆ ಫೋನಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ ಇದು.

ಇನ್ನು ಮೊದಲು ಹಾರ್ಟ್ ಪ್ರಾಬ್ಲಮ್ಮೇ ಇಲ್ಲದೋರಿಗೂ ಕೊನೇ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳವರೆಗೆ ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಅಂತ ಬರಬಹುದು, ಹಾರ್ಟ್ ಪಂಪ್ ಮಾಡೋ ಶಕ್ತೀನೇ ಕಮ್ಮಿ ಆಗೋದು. ಮಲಗಿದ್ರೆ ಉಸಿರು ಕಟ್ಟುತ್ತೆ, ಎದ್ದು ಕೂತ್ರೆ ಸರಿಹೋಗುತ್ತೆ ಅಂತ ಬಾಣಂತಿ ಹೇಳಿದ್ರೆ ನಿದ್ದೆಗೆಟ್ಟಿದ್ದಕ್ಕೆ ಸುಸ್ತು ಅಂತ ಬಿಟ್ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡ್ಸಿ.